ಮೂರನೆಯ ಗರಿ

ಥರ್ಜಾ ನಿಬ್ಲೆಟ್‌ಗೆ ಐವತ್ತೆಂಟು ವರ್ಷ ತುಂಬುವವರೆಗೂ ಮಿಂಚ್‌ಕೋಟ್ ಊರಿನವರಿಗೆ ಅವಳ ವಿಷಯದಲ್ಲಿ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು, ಕಣಿವೆಯ ಬಟ್ಟೆ ಗಿರಣಿಯಲ್ಲಿ ಅವಳಷ್ಟು ಚುರುಕಾಗಿ ಉಣ್ಣೆಬಟ್ಟೆಯ ಗಂಟುಗಳನ್ನು ಬೆರಳಲ್ಲೇ ಹುಡುಕಿ ಬಿಡಿಸುವವರು ಇನ್ನೊಬ್ಬರಿಲ್ಲ. ಎರಡು, ಶನಿವಾರ ಮಧ್ಯಾಹ್ನ ಅವಳನ್ನು ಚಹಾಕ್ಕೆ ಕರೆದು ಪ್ರಯೋಜನವಿಲ್ಲ. ಆ ಹೊತ್ತಿಗೆ ಅವಳು ಚರ್ಚಿನ ಅಂಗಳದಲ್ಲಿ, ಗೋಣಿಚೀಲದ ಮೇಲೆ ಮಂಡಿಯೂರಿ, ಯಾವುದಾದರೊಂದು ಗೋರಿಗೆ ಹಬ್ಬಿದ ಐವಿ ಬಳ್ಳಿಯನ್ನು ಒಂದೊಂದೇ ಬೇರು ಬಿಡಿಸಿ ತೆಗೆಯುತ್ತಿರುತ್ತಾಳೆ.

ಮಿಂಚ್‌ಕೋಟ್‌ನ ಗೋರಿಗಳೆಂದರೆ ನೆಲಕ್ಕೆ ಹಾಸಿದ ಚಪ್ಪಡಿಗಳಲ್ಲ. ಆಳಿನ ಸೊಂಟದೆತ್ತರದ ಕಲ್ಲಿನ ಪೆಟ್ಟಿಗೆಗಳು. ಉಣ್ಣೆಯ ವ್ಯಾಪಾರದಲ್ಲಿ ಊರು ಕೊಬ್ಬಿದ್ದ ಕಾಲದಲ್ಲಿ ಎದ್ದವು. ನಾಲ್ಕೂ ಬದಿಗೆ ಕೆತ್ತನೆ, ಮೂಲೆಗಳಲ್ಲಿ ಸುರುಳಿ ಸುತ್ತಿದ ಎಲೆಗಳು, ಹೂಮಾಲೆ, ಮರಳುಗಡಿಯಾರ, ಕೆನ್ನೆ ಉಬ್ಬಿದ ರೆಕ್ಕೆಯ ಮಕ್ಕಳ ಮುಖಗಳು. ಒಟ್ಟು ಐವತ್ತಮೂರು. ಬೆಣ್ಣೆಬಣ್ಣದ ನಮ್ಮ ಗುಡ್ಡದ ಕಲ್ಲು ಮಳೆಗೆ ಬೂದಾಗಿ, ಅದರ ಮೇಲೆ ಕಲ್ಲುಹೂ ಕಿತ್ತಳೆ ಬಣ್ಣದ ವೃತ್ತಗಳನ್ನು ಎಳೆದು, ಸಂಜೆಯ ಓರೆಬಿಸಿಲು ಬಿದ್ದಾಗ ಆ ಮಕ್ಕಳೆಲ್ಲ ಈಗಷ್ಟೇ ಎದ್ದು ಕಣ್ಣು ಬಿಟ್ಟ ಹಾಗೆ ಕಾಣುತ್ತಿದ್ದವು. ಒಳಗೆ ಮಲಗಿದವರ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಕೆತ್ತಿದವರ ಹೆಸರು ಎಲ್ಲೂ ಇರಲಿಲ್ಲ.

ಥರ್ಜಾಳ ಅಪ್ಪ ಅಮೋಸ್ ನಿಬ್ಲೆಟ್ ಊರಿನ ಕಲ್ಲುಕುಟಿಗ. ಅವನ ಅಪ್ಪನೂ ಅದೇ, ಅಜ್ಜನೂ ಅದೇ. ಥರ್ಜಾ ಹುಟ್ಟಿ ವಾರದೊಳಗೆ ತಾಯಿ ತೀರಿಕೊಂಡಿದ್ದಳು. ಅವಳಿಗೆ ಹದಿಮೂರು ವರ್ಷವಾಗಿದ್ದಾಗ, ಕಲ್ಲುಗಣಿಯಿಂದ ಬಂದ ಗಾಡಿಯ ಹಗ್ಗ ಬಿಚ್ಚುವಾಗ ದಿಮ್ಮಿಯೊಂದು ಉರುಳಿ ಅಮೋಸನ ಬಲಗೈ ಮೇಲೆ ಬಿತ್ತು. ಮೂರು ಬೆರಳು ಜಜ್ಜಿಹೋದವು. ಗಾಯ ಮಾಯಿತು, ಬೆರಳು ಮಡಚಲು ಬರಲಿಲ್ಲ. ಒರಟು ಗೋಡೆ ಕಟ್ಟುವುದಕ್ಕೆ ಆ ಕೈ ಸಾಕಿತ್ತು. ಅಕ್ಷರಕ್ಕೆ, ಎಲೆಗೆ, ಮುಖಕ್ಕೆ ಆಗುತ್ತಿರಲಿಲ್ಲ.

ಒಂದು ದಿನ ಅವನು ಶೆಡ್ಡಿನಲ್ಲಿ ಉಳಿಯನ್ನು ಎಡಗೈಯಲ್ಲಿ ಹಿಡಿದು ಒದ್ದಾಡುತ್ತಿದ್ದಾಗ ಥರ್ಜಾ ಊಟದ ಗಂಟು ತಂದವಳು ಬಾಗಿಲಲ್ಲೇ ನಿಂತು ನೋಡಿದಳು.

"ಕೊಡು ಇಲ್ಲಿ," ಅಂದಳು. "ನೀನು ಹೇಳು, ನಾನು ಹೊಡೀತೀನಿ."

"ಹೆಣ್ಮಕ್ಳ ಕೆಲ್ಸ ಅಲ್ಲ ಇದು."

"ಕಲ್ಲಿಗೆ ಹೇಗಪ್ಪಾ ಗೊತ್ತಾಗುತ್ತೆ ಯಾರು ಹೊಡೀತಾ ಇದಾರೆ ಅಂತ?"

ಅಮೋಸ್ ಮಗಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕೊಡತಿ ಕೊಟ್ಟ. ಮೊದಲ ವರ್ಷ ಪೂರ್ತಿ ಅವಳಿಂದ ನೇರ ಗೆರೆಗಳನ್ನು ಮಾತ್ರ ಹೊಡೆಸಿದ. ಎರಡನೆಯ ವರ್ಷ ಅಕ್ಷರ. ಅವನು ಪಕ್ಕದ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಕೊಡತಿಯ ಸದ್ದು ಬದಲಾದ ಕೂಡಲೇ, "ಆಳ ಹೋದೆ, ಮೇಲೆ ಬಾ" ಅನ್ನುತ್ತಿದ್ದ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಅಂಗಳದಲ್ಲಿ ಸುತ್ತಾಡಿಸಿ, ಕೆತ್ತನೆಯ ಮೇಲೆ ಅವಳ ಬೆರಳಿಟ್ಟು, "ಇವನು ಅವಸರದವನು. ಇವನಿಗೆ ಎಲೆ ಗೊತ್ತು, ಮುಖ ಗೊತ್ತಿಲ್ಲ. ಇವನು ನೋಡು, ಇವನು ದೊಡ್ಡವನು," ಎಂದು ಸತ್ತು ಇನ್ನೂರು ವರ್ಷವಾದವರನ್ನು ಪಕ್ಕದ ಮನೆಯವರಂತೆ ಪರಿಚಯ ಮಾಡಿಕೊಡುತ್ತಿದ್ದ.

ಹೀಗೆ ಎಂಟು ವರ್ಷ ಕಳೆಯಿತು. ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರ ಚಳಿಗಾಲ ನಮ್ಮ ಕಡೆ ಬಾವಿಗಳೂ ಹೆಪ್ಪುಗಟ್ಟಿದ ಚಳಿಗಾಲ. ಸೊಲ್ಲರ್ಸ್ ಮನೆತನದ ಗೋರಿಯೊಳಗಿನ ಕಬ್ಬಿಣದ ಕೊಂಡಿ ಮೊದಲೇ ತುಕ್ಕು ಹಿಡಿದು ಉಬ್ಬಿತ್ತು, ಸಂದಿಗೆ ನುಗ್ಗಿದ ನೀರು ಬೇರೆ ಮಂಜುಗಡ್ಡೆಯಾಗಿ ಪಡುವಣ ಬದಿಯ ಫಲಕ ಸೀಳಿಹೋಯಿತು. ಅದರ ಮೇಲಿದ್ದ ಮಗುವಿನ ಮುಖ ಪುಡಿಪುಡಿಯಾಗಿ ಹುಲ್ಲಿಗೆ ಬಿತ್ತು. ಎರಡು ವರ್ಷ ಅದು ಬಾಯಿ ತೆರೆದುಕೊಂಡೇ ಇತ್ತು. ಆಮೇಲೆ ಆ ಮನೆತನದಲ್ಲಿ ಉಳಿದಿದ್ದ ಕೊನೆಯ ಮುದುಕಿ ಮಿಸ್ ಅರಮಿಂಟಾ ಅಮೋಸನನ್ನು ಕರೆಸಿದಳು.

"ಅಮೋಸ್, ನಾನು ಸಾಯೋದ್ರೊಳಗೆ ನಮ್ಮ ಅಜ್ಜಂದಿರ ಮನೆ ಬಾಗಿಲು ಮುಚ್ಚಿಸು. ಆ ಕಡೆ ಮಗು ಹೇಗಿದೆಯೋ ಈ ಕಡೇನೂ ಹಾಗೇ ಇರ್ಬೇಕು."

ಅಮೋಸ್ ಹೂಂ ಅಂದು ಮನೆಗೆ ಬಂದ. ಬಂದವನು ಮಗಳ ಮುಖ ನೋಡಿದ. ಮಾರನೆಯ ದಿನ ಶೆಡ್ಡಿನ ಬಾಗಿಲು ಒಳಗಿನಿಂದ ಅಗುಳಿ ಹಾಕಿಕೊಂಡಿತು.

ಮೊದಲು ಕೆತ್ತಿದ ಮಗು ಕೈಕೊಟ್ಟಿತು. ಕೂದಲು, ಕೆನ್ನೆ, ಎರಡೂ ರೆಕ್ಕೆ ಮುಗಿದು, ಮೂಗಿನ ಹತ್ತಿರ ಕೊನೆಯ ಪೆಟ್ಟುಗಳನ್ನು ಹಾಕುವಾಗ, ಕಲ್ಲಿನೊಳಗೆ ಅಡಗಿ ಕೂತಿದ್ದ ಯಾವುದೋ ಕಾಲದ ಚಿಪ್ಪಿಗೆ ಉಳಿ ತಾಗಿ ಜಾರಿತು. ಮೂಗು ಇಡಿಯಾಗಿ ಎಗರಿಹೋಯಿತು. ಏಳು ವಾರದ ಕೆಲಸ. ಥರ್ಜಾ ಕೊಡತಿಯನ್ನು ನೆಲಕ್ಕೆ ಕುಕ್ಕಿ ಅತ್ತಳು.

"ಅಳು ಆಯ್ತಾ?" ಅಂದ ಅಮೋಸ್. "ಬಿಸಾಕ್ಬೇಡ ಅದನ್ನ. ಅಡುಗೆಮನೆ ಬಾಗ್ಲು ಗಾಳಿಗೆ ಬಡ್ಕೊಳ್ತಾ ಇರುತ್ತೆ, ಅದಕ್ಕೆ ಒತ್ತಿಡೋಣ. ನಾಳೆಯಿಂದ ಇನ್ನೊಂದು."

ಇನ್ನೊಂದರಲ್ಲಿ ಚಿಪ್ಪು ಸಿಗಲಿಲ್ಲ. ಎರಡರಲ್ಲೂ ಅವಳು ಒಂದು ತುಂಟತನ ಮಾಡಿದ್ದಳು. ಮೂಡಣ ಬದಿಯ ಹಳೆಯ ಮಗುವಿಗೆ ರೆಕ್ಕೆಗೆ ಐದೈದು ಗರಿ, ಎಲ್ಲವೂ ನೆಟ್ಟಗೆ, ಕವಾಯತಿಗೆ ನಿಂತವರ ಹಾಗೆ. ಥರ್ಜಾಳ ಕಣ್ಣೆದುರು ಅವರ ಮನೆಯ ಗಂಡು ಬಾತುಕೋಳಿ ಓಡಾಡುತ್ತಿತ್ತು. ಅದರ ಎಡರೆಕ್ಕೆಯ ಒಂದು ಗರಿ ಯಾವಾಗಲೂ ತುದಿಯಲ್ಲಿ ಮಡಚಿಕೊಂಡಿರುತ್ತಿತ್ತು. ಅವಳು ಮಗುವಿನ ಎಡರೆಕ್ಕೆಯ ಮೂರನೆಯ ಗರಿಯನ್ನು ಹಾಗೇ ಮಡಚಿದಳು. ಅಮೋಸ್ ಬೆರಳಾಡಿಸಿ ನೋಡಿ, "ಇದೇನೇ?" ಅಂದ. "ಬಾತುಕೋಳಿ," ಅಂದಳು. ಅವನು ನಕ್ಕು ಅದನ್ನು ಹಾಗೇ ಬಿಟ್ಟ.

ಫಲಕವನ್ನು ಅಮೋಸನೇ ಗಾಡಿಯಲ್ಲಿ ಒಯ್ದು, ಸುಣ್ಣದ ಗಾರೆಯಲ್ಲಿ ಕೂರಿಸಿದ. ಊರಿಗೂರೇ ಬಂದು ನೋಡಿತು. ಮಿಸ್ ಅರಮಿಂಟಾ ಕಣ್ಣೊರೆಸಿಕೊಂಡಳು. ಸಂಜೆ ಪಬ್ಬಿನಲ್ಲಿ ಎಲ್ಲರೂ ಅಮೋಸನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಜಜ್ಜಿದ ಕೈಯಲ್ಲಿ ಇಂಥ ಕೆಲಸ ಮಾಡಿದನಲ್ಲ, ನಿಬ್ಲೆಟ್ ರಕ್ತ ಅಂದರೆ ರಕ್ತ! ಅಮೋಸ್ ಅರ್ಧ ಲೋಟ ಬಿಯರನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಮಗಳು ಬಡಿಸಿದ ಹಂದಿಮಾಂಸ, ಆಲೂಗಡ್ಡೆ ಹಾಗೇ ತಟ್ಟೆಯಲ್ಲಿ ಆರಿದವು.

"ಹೇಳ್ಬೇಕಾಗಿತ್ತು ಕಣೇ. ಬಾಯಿಗೆ ಬಂತು. ನುಂಗ್ಕೊಂಡೆ."

"ಹೇಳಿದ್ರೆ ಮುಂದಿನ ಕಲ್ಲು ನಮಗೆ ಕೊಡ್ತಾರಾ ಅಪ್ಪಾ? ಹುಡುಗಿ ಕೈಗೆ ಅಜ್ಜನ ಗೋರಿ ಯಾರು ಕೊಡ್ತಾರೆ? ಊಟ ಮಾಡು."

ಅಮೋಸ್ ಸಾಯುವವರೆಗೂ, ಹನ್ನೆರಡು ವರ್ಷ, ಅಂಗಳದ ರಿಪೇರಿ ಕೆಲಸವೆಲ್ಲ ಅದೇ ಅಗುಳಿ ಹಾಕಿದ ಬಾಗಿಲ ಹಿಂದೆ ನಡೆಯಿತು. ಕೀರ್ತಿ ಅಪ್ಪನದು, ಕೈ ಮಗಳದು. ಥರ್ಜಾಳಿಗೆ ಅದರ ಬಗ್ಗೆ ಕಹಿಯಿರಲಿಲ್ಲ. ಭಾನುವಾರ ಚರ್ಚಿಗೆ ಹೋಗುವಾಗ ತಾನು ಕೆತ್ತಿದ ಮಗುವಿನ ಮುಂದೆ ಜನ ಒಂದು ಗಳಿಗೆ ನಿಂತರೆ ಅವಳ ಬೆನ್ನು ತಂತಾನೇ ನೆಟ್ಟಗಾಗುತ್ತಿತ್ತು. ಅಪ್ಪ ಹೋದ ಮೇಲೆ ಯಾರೂ ಅವಳಿಗೆ ಕಲ್ಲು ಕೊಡಲಿಲ್ಲ. ಕೊಡಬಹುದೆಂದು ಯಾರಿಗೂ ತೋಚಲೂ ಇಲ್ಲ. ಅವಳು ಉಳಿಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟು ಗಿರಣಿ ಸೇರಿದಳು.

ಇನ್ನು ಮೇಜರ್ ಹಾರ್ಬಿನ್‌ನ ವಿಷಯ. ಸೈನ್ಯದಿಂದ ನಿವೃತ್ತನಾಗಿ ಊರಿಗೆ ಬಂದು ನೆಲೆಸಿದವನು, ಚರ್ಚಿನ ಮೇಲ್ವಿಚಾರಕ. ಕೆಟ್ಟವನಲ್ಲ. ಅಂಗಳದ ಹುಲ್ಲನ್ನು ತನ್ನ ಕೈಯಾರೆ ಕತ್ತರಿಸುತ್ತಿದ್ದವನು ಅವನೇ. ಮೋಟಾರು ಯಂತ್ರ ಗೋರಿಗಳ ನಡುವೆ ನುಗ್ಗದೆ, ಅರ್ಧ ದಿನ ಕೈಕತ್ತರಿ ಹಿಡಿದು ಬಗ್ಗಿ ಬಗ್ಗಿ ಅವನ ಸೊಂಟ ಬಿದ್ದುಹೋಗಿತ್ತು. ಅರವತ್ತೈದರ ಜೂನಿನಲ್ಲಿ ಒಂದು ಮದುವೆ. ವಧುವಿನ ಸೋದರಮಾವ ಒಂದು ಗೋರಿಗೆ ಒರಗಿ ಸಿಗರೇಟು ಹಚ್ಚಿದ. ಮುಚ್ಚಳದ ಕಲ್ಲು ಸರಿದು ಅವನ ಪಾದದ ಮೇಲೆ ಇಳಿಯಿತು. ಎರಡು ಮೂಳೆ ಮುರಿದವು. ಆಸ್ಪತ್ರೆಯವರೆಗೂ ಅವನ ಜೊತೆ ಹೋಗಿ ಬಂದ ಮೇಜರ್ ಆ ವಾರವೇ ಚರ್ಚಿನ ಸಭೆ ಕರೆದ.

ಯೋಜನೆ ಸರಳವಾಗಿತ್ತು. ಹನ್ನೆರಡು ಒಳ್ಳೆಯ ಗೋರಿಗಳನ್ನು ಉಳಿಸುವುದು. ಮಿಕ್ಕ ನಲವತ್ತೊಂದನ್ನು ಬಿಚ್ಚಿ, ಅಂದವಾದ ಫಲಕಗಳನ್ನು ಗೋಡೆಗೆ ಒರಗಿಸಿ, ಉಳಿದದ್ದನ್ನು ದಾರಿಗೆ ಹಾಸಿ, ಅಂಗಳವನ್ನು ಸಮತಟ್ಟಾದ ಹುಲ್ಲುಹಾಸು ಮಾಡುವುದು. ಸುತ್ತಲಿನ ಎಷ್ಟೋ ಊರುಗಳಲ್ಲಿ ಹೀಗೆ ಮಾಡಿಯಾಗಿತ್ತು. ಬಿಷಪ್ಪರ ಪರವಾಗಿ ಇಂಥ ವಿಷಯಗಳನ್ನು ತೀರ್ಮಾನಿಸುವ ನ್ಯಾಯಾಧೀಶರು ಅನುಮತಿ ಕೊಡಬೇಕು, ಅಷ್ಟೆ. ಚರ್ಚಿನ ಬಾಗಿಲಿಗೆ ನೋಟೀಸು ಅಂಟಿತು. ಆಕ್ಷೇಪಣೆ ಇದ್ದವರು ಇಪ್ಪತ್ತೆಂಟು ದಿನದೊಳಗೆ ಬರೆದು ತಿಳಿಸಬೇಕು.

ಇಪ್ಪತ್ತೆಂಟನೆಯ ದಿನ ಬಂದದ್ದು ಒಂದೇ ಕಾಗದ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ. "ನಾನು ಒಪ್ಪುವುದಿಲ್ಲ. ಅವುಗಳನ್ನು ರಿಪೇರಿ ಮಾಡಬಹುದು. ಟಿ. ನಿಬ್ಲೆಟ್."

ಗಿರಣಿಯಲ್ಲಿ ಅವಳ ಪಕ್ಕದ ಬೆಂಚಿನವಳು, ಪಕ್ಕದ ಮನೆಯವಳೂ ಹೌದು, ಲೆಟ್ಟಿ ಗ್ಯಾಜರ್ಡ್, ಅಂದು ಬಟ್ಟೆ ನೋಡುವುದನ್ನು ಬಿಟ್ಟು ಅವಳನ್ನೇ ತರಾಟೆಗೆ ತೆಗೆದುಕೊಂಡಳು.

"ಏನೇ ನಿಂದು? ಆ ಗೋರಿಯೊಳಗೆ ಇರೋರು ಯಾರೂ ನಿಂಗೆ ನೆಂಟರಲ್ಲ. ಬದುಕಿದ್ದಾಗ ನಮ್ಮಂಥೋರನ್ನ ಹಿಂಬಾಗ್ಲಿಂದ ಕಳಿಸ್ತಿದ್ದೋರು. ಅವರ ಪರ ನೀನ್ಯಾಕೆ ಕೋರ್ಟಿಗೆ ಹೋಗ್ತೀಯಾ?"

"ಒಳಗಿರೋರ ಪರ ಅಲ್ಲ ಕಣೇ. ಹೊರಗಡೆ ಕೆಲ್ಸ ಮಾಡಿದೋರ ಪರ."

"ಅವರೂ ಸತ್ತಿದಾರಲ್ಲೇ!"

ಥರ್ಜಾ ಬೆರಳಿಗೆ ಸಿಕ್ಕ ಗಂಟನ್ನು ಚಿಮಟದಲ್ಲಿ ಎಳೆದು ಬಿಡಿಸುತ್ತಾ ಕೂತಳು. ಹೇಳಿಬಿಟ್ಟರೆ ಎಲ್ಲ ಸಲೀಸು ಎಂದು ಅವಳಿಗೂ ಗೊತ್ತಿತ್ತು. ಆದರೆ ಹೇಳಿದರೆ, ಇಷ್ಟು ವರ್ಷ ಊರು ಹಾಡಿ ಹೊಗಳಿದ ಅಪ್ಪ ಸುಳ್ಳನಾಗುತ್ತಾನೆ. ಪಬ್ಬಿನ ಗೋಡೆಯ ಮೇಲೆ ಇಂದಿಗೂ ಅವನ ಫೋಟೊ ತೂಗುಹಾಕಿದ್ದರು.

ಅರವತ್ತಾರರ ಅಕ್ಟೋಬರಿನ ಒಂದು ಗುರುವಾರ ಚರ್ಚಿನೊಳಗೇ ವಿಚಾರಣೆ ನಡೆಯಿತು. ಉಪದೇಶಪೀಠದ ಕೆಳಗೆ ಒಂದು ಮೇಜು, ಅದರ ಹಿಂದೆ ತೆಳ್ಳಗಿನ, ಶೀತವಾಗಿ ಮೂಗು ಕೆಂಪಾಗಿದ್ದ ನ್ಯಾಯಾಧೀಶರು. ಊರಿನ ಅರ್ಧ ಜನ ಬೆಂಚುಗಳಲ್ಲಿದ್ದರು. ಥರ್ಜಾ ಭಾನುವಾರದ ನೀಲಿ ಕೋಟು ಹಾಕಿಕೊಂಡು ಬಂದಿದ್ದಳು.

ಮೇಜರ್ ಎದ್ದು ನೇರವಾಗಿ ಮಾತಾಡಿದ. ಮುರಿದ ಪಾದದ ವಿಷಯ ಹೇಳಿದ, ನಾಳೆ ಅದು ಯಾರದಾದರೂ ತಲೆಯಾಗಬಹುದು ಅಂದ. ಆಮೇಲೆ ಚರ್ಚು ಕರೆಸಿದ್ದ ವಾಸ್ತುಶಿಲ್ಪಿ, ಚೆಲ್ಟನ್‌ಹ್ಯಾಮ್‌ನ ಮಿಸ್ಟರ್ ಪ್ರೊಥೆರೊ ವೇನ್, ತನ್ನ ವರದಿ ಓದಿದ. ಬೆಳ್ಳಿಗೂದಲು, ಒಳ್ಳೆಯ ಕಂಠ.

"ಉಳಿಸಲೇಬೇಕಾದ ಹನ್ನೆರಡರಲ್ಲಿ ಮೊದಲನೆಯದು ಸೊಲ್ಲರ್ಸ್ ಗೋರಿ. ಅದರಲ್ಲೂ ಪಡುವಣ ಬದಿಯ ಫಲಕ. ಎಡರೆಕ್ಕೆಯ ಮೂರನೆಯ ಗರಿಯನ್ನು ಗಮನಿಸಬೇಕು. ಇನ್ನೂರು ವರ್ಷದ ಹಿಂದಿನ ಆ ಅನಾಮಿಕ ಶಿಲ್ಪಿ ಅದೊಂದನ್ನು ಮಾತ್ರ ತುದಿಯಲ್ಲಿ ಮಡಚಿದ್ದಾನೆ. ಕೈ ಪಳಗಿದ ಮಹಾ ಕಲಾವಿದನಿಗೆ ಮಾತ್ರ ಬರುವ ಸ್ವಾತಂತ್ರ್ಯ ಅದು. ಆ ಕೈಗಳು ಸತ್ತುಹೋಗಿವೆ. ಇಂದು ಇಡೀ ಜಿಲ್ಲೆಯಲ್ಲಿ ಅಂಥ ಒಂದು ಗರಿ ಕೆತ್ತುವವರಿಲ್ಲ. ಆದ್ದರಿಂದ ಮಿಕ್ಕ ಗೋರಿಗಳನ್ನು ರಿಪೇರಿ ಮಾಡಿಸುತ್ತೇವೆ ಎನ್ನುವುದು ಬರೀ ಆಸೆಯ ಮಾತು."

ಥರ್ಜಾಳ ಕಿವಿ ಬಿಸಿಯಾಯಿತು. ಇನ್ನೂರು ವರ್ಷದ ಹಿಂದಿನ ಮಹಾ ಕಲಾವಿದ! ಅವಳಿಗೆ ನಗು ಬಂತು. ಅದರ ಹಿಂದೆಯೇ ಬಂದದ್ದು ಮಾತ್ರ ನಗುವಲ್ಲ. ಇಂಥ ಹೊಗಳಿಕೆ ಅವಳ ಕಿವಿಗೆ ಬೀಳುತ್ತಿದ್ದದ್ದು ಜೀವಮಾನದಲ್ಲಿ ಮೊದಲ ಸಲ, ಮತ್ತು ಅದನ್ನು ಹೇಳುತ್ತಿದ್ದವನು ಕಲ್ಲು ಬಲ್ಲವನು.

"ಮಿಸ್ ನಿಬ್ಲೆಟ್," ನ್ಯಾಯಾಧೀಶರು ಕರೆದರು. "ರಿಪೇರಿ ಮಾಡಬಹುದು ಅಂತ ಬರೆದಿದ್ದೀರಿ. ಮಿಸ್ಟರ್ ವೇನ್ ಆಗಲ್ಲ ಅಂತಾರೆ. ನಿಮಗೆ ಗೊತ್ತಿರೋ ಯಾರಾದ್ರೂ ಇದಾರಾ, ಈ ಕೆಲಸ ಬರೋರು?"

ಥರ್ಜಾ ಎದ್ದು ನಿಂತಳು. ಮುಂದಿನ ಬೆಂಚಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಆಚೀಚೆ ನೋಡಿದಳು. ಅಪ್ಪನ ಜೊತೆ ಕುಡಿದಿದ್ದ ಮುದುಕರು ಇಬ್ಬರು ಅಲ್ಲೇ ಇದ್ದರು.

"ಇದಾರೆ ಸಾರ್."

"ಯಾರು?"

"ಆ ಗರಿ ಕೆತ್ತಿದೋರು ಸತ್ತಿಲ್ಲ ಸಾರ್. ನಾನೇ ಕೆತ್ತಿದ್ದು. ಮೂವತ್ತೊಂದರಲ್ಲಿ."

ಚರ್ಚಿನಲ್ಲಿ ಯಾರೋ ಕೆಮ್ಮಿದರು, ಯಾರೋ ನಕ್ಕರು. ಮುದುಕರಲ್ಲೊಬ್ಬ ಗಟ್ಟಿಯಾಗಿಯೇ ಅಂದ: "ಅದು ಅಮೋಸ್ ಮಾಡಿದ್ದು! ನನ್ನ ಕಣ್ಣಾರೆ ನೋಡಿದೀನಿ, ಗಾಡೀಲಿ ತಂದು ಕೂರಿಸಿದ್ದು!"

"ಕೂರಿಸಿದ್ದು ಅಪ್ಪ," ಅಂದಳು ಥರ್ಜಾ, ಮುದುಕನ ಕಡೆ ತಿರುಗಿ. "ಅಪ್ಪನ ಬೆರಳು ಮಡಚ್ತಿರ್ಲಿಲ್ಲ, ನಿಮಗೆ ಗೊತ್ತಿತ್ತು. ಆ ಬೆರಳಲ್ಲಿ ಉಳಿ ನಿಲ್ಲುತ್ತಾ ಅಂತ ನಿಮ್ಮಲ್ಲಿ ಒಬ್ರಾದ್ರೂ ಕೇಳಿದ್ರಾ? ಕೇಳಿದ್ರೆ ಹೇಳ್ತಿದ್ದ. ಕೈ ನಂದು, ಕಣ್ಣು ಅವನದು. ಅವನ ಕಣ್ಣಿಲ್ದೆ ನನ್ನ ಕೈಗೆ ಏನೂ ಬರ್ತಿರ್ಲಿಲ್ಲ. ಅವನು ಅರ್ಧ ಹೆಸ್ರಿಗೆ ಅರ್ಹ, ಇನ್ನರ್ಧ ನಂದು. ಇವತ್ತು ಕೇಳ್ತಾ ಇದೀನಿ, ಅಷ್ಟೆ."

ಮಿಸ್ಟರ್ ವೇನ್ ಮೆಲ್ಲಗೆ ಎದ್ದ. ಮರ್ಯಾದಸ್ಥನ ಮಾತು, ಆದರೆ ನಂಬಿಕೆಯಿಲ್ಲದ ಮುಖ. "ಹೆತ್ತವರ ಮೇಲಿನ ಪ್ರೀತಿಯಿಂದ ನೆನಪು ಕೆಲವೊಮ್ಮೆ ಬೇರೆ ರೂಪ ತಾಳುತ್ತದೆ. ಈ ಫಲಕ ಹದಿನೆಂಟನೆಯ ಶತಮಾನದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಂದು ಗಾಡಿಯಲ್ಲಿ ತಂದು ಕೂರಿಸಿದ್ದು ಕಳಚಿದ್ದ ಹಳೆಯ ಫಲಕವನ್ನೇ ಇರಬೇಕು. ಮಹಿಳೆಯ ಬಳಿ ಏನಾದರೂ ಪುರಾವೆ ಇದ್ದರೆ..."

"ಅಯ್ಯೋ ದೇವ್ರೇ!" ಎಂಬ ಕೂಗು ಹಿಂದಿನ ಬೆಂಚಿನಿಂದ ಬಂತು. ಲೆಟ್ಟಿ ಎದ್ದು ನಿಂತಿದ್ದಳು. "ಥರ್ಜಾ! ನಿಮ್ಮನೆ ಅಡುಗೆಮನೆ ಬಾಗ್ಲಲ್ಲಿ ಇರುತ್ತಲ್ಲೇ, ಮೂಗಿಲ್ದೋನು! ವಾರಕ್ಕೊಂದ್ಸಲ ನನ್ನ ಕಾಲ್ಬೆರಳು ಎಡವೋದು! ಅವನಿಗೂ ಹಾಗೇ ಗರಿ ಮಡಚಿದೆ ಸಾರ್! ನಾನು ಇಪ್ಪತ್ತು ವರ್ಷದಿಂದ ಎಡವ್ತಾ ಇದೀನಿ!"

ಜನ ಈ ಸಲ ಮುಚ್ಚುಮರೆಯಿಲ್ಲದೆ ನಕ್ಕರು. ನ್ಯಾಯಾಧೀಶರು ಕರವಸ್ತ್ರದಲ್ಲಿ ಮೂಗೊರೆಸಿಕೊಂಡು, "ಆ ಸಾಕ್ಷಿಯನ್ನ ಇಲ್ಲಿಗೆ ತರೋಕಾಗುತ್ತಾ?" ಎಂದು ಕೇಳಿದರು.

"ಎರಡಾಳಿನ ಭಾರ ಸಾರ್," ಅಂದಳು ಥರ್ಜಾ. "ತಳ್ಳುಗಾಡಿ ಬೇಕು."

ಆಗ ಮೇಜರ್ ಹಾರ್ಬಿನ್ ಎದ್ದ. ತನ್ನ ಯೋಜನೆಯೇ ಮುಳುಗುವಂತಿದ್ದರೂ ಒಂದು ಕ್ಷಣ ತಡಮಾಡಲಿಲ್ಲ. "ಹುಲ್ಲು ಸಾಗಿಸೋ ಗಾಡಿ ಇದೆ. ನಾನೇ ತರ್ತೀನಿ, ನಡೀರಿ," ಎಂದು ಲೆಟ್ಟಿಯನ್ನು ಮುಂದಿಟ್ಟುಕೊಂಡು ಹೊರಟ.

ಕಾಲು ಗಂಟೆಯಲ್ಲಿ ಗಾಡಿ ಬೀದಿಯ ಗುಂಡುಕಲ್ಲುಗಳ ಮೇಲೆ ಗಡಗಡ ಸದ್ದು ಮಾಡುತ್ತಾ ಬಂತು. ಮೇಜರ್ ತಳ್ಳುತ್ತಿದ್ದ, ಲೆಟ್ಟಿ ಕಲ್ಲು ಅಲುಗದಂತೆ ಹಿಡಿದಿದ್ದಳು, ಅಂಗಡಿಯವರೂ ಅಂಚೆಯವನೂ ಹಿಂದೆ ಬರುತ್ತಿದ್ದರು. ನ್ಯಾಯಾಧೀಶರು ಕೋಟಿನ ಕಾಲರು ಎತ್ತಿಕೊಂಡು ಅಂಗಳಕ್ಕೆ ಬಂದರು. ಮೂಗಿಲ್ಲದ ಮಗುವನ್ನು ಸೊಲ್ಲರ್ಸ್ ಗೋರಿಯ ಪಕ್ಕ ಹುಲ್ಲಿನ ಮೇಲೆ ಇಳಿಸಿದರು. ಒಂದರ ಮೈಮೇಲೆ ಮೂವತ್ತೈದು ವರ್ಷದ ಮಳೆ, ಕಲ್ಲುಹೂ. ಇನ್ನೊಂದರ ಮೈಗೆ ಒಲೆಯ ಹೊಗೆ, ನೆಲ ಒರೆಸುವ ಸೋಪಿನ ನೀರು. ಹಾಗಿದ್ದೂ ಅದೇ ಗುಂಗುರು, ಅದೇ ಉಬ್ಬಿದ ಕೆನ್ನೆ, ಎಡರೆಕ್ಕೆಯ ಅದೇ ಮೂರನೆಯ ಗರಿ.

ಮಿಸ್ಟರ್ ವೇನ್ ಭೂತಗನ್ನಡಿ ತೆಗೆದು ಮಂಡಿಯೂರಿದ. ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಒಂದಕ್ಕೆ ಹೋದ. ಉಳಿಯ ಗೀರುಗಳ ಓರೆಯನ್ನು ಬೆರಳಲ್ಲಿ ಅಳೆದ. ತುಂಬ ಹೊತ್ತಾದ ಮೇಲೆ ಎದ್ದು, ಪ್ಯಾಂಟಿನ ಮಂಡಿಯ ಒದ್ದೆ ಕೊಡವಿಕೊಳ್ಳುವುದನ್ನೂ ಮರೆತು ಥರ್ಜಾಳ ಕಡೆ ತಿರುಗಿದ.

"ಒಂದೇ ಕೈ. ನಾನು ತಪ್ಪು ಬರೆದಿದ್ದೆ, ಮಿಸ್ ನಿಬ್ಲೆಟ್. ಆದ್ರೆ ಕಾಲದ ವಿಷಯದಲ್ಲಿ ಮಾತ್ರ ತಪ್ಪು. ಕಲಾವಿದರ ವಿಷಯದಲ್ಲಿ ಬರೆದದ್ದರಲ್ಲಿ ಒಂದು ಪದಾನೂ ವಾಪಸ್ ತಗೊಳ್ಳಲ್ಲ." ಆಮೇಲೆ ಕೇಳಿದ: "ಆ ಗರಿ... ಅದನ್ನ ಯಾಕೆ ಮಡಚಿದ್ರಿ?"

"ನಮ್ಮನೆ ಬಾತುಕೋಳಿಗೆ ಹಾಗಿತ್ತು," ಅಂದಳು ಥರ್ಜಾ.

ನ್ಯಾಯಾಧೀಶರಿಗೆ ನಗು ಬಂದು ಸೀನೂ ಒಟ್ಟಿಗೇ ಬಂತು.

ಆ ಮಧ್ಯಾಹ್ನ ಅವರು ಥರ್ಜಾಳನ್ನು ಅಂಗಳದ ತುಂಬ ಸುತ್ತಾಡಿಸಿ ಒಂದೊಂದು ಗೋರಿಯನ್ನೂ ತೋರಿಸಿ ಕೇಳಿದರು. ಇದಕ್ಕೇನು ರೋಗ? ಅವಳು ಹೇಳಿದಳು. ಒಳಗಿನ ಕಬ್ಬಿಣ ತೆಗೆದು ಕಂಚಿನ ಕೊಂಡಿ ಹಾಕಬೇಕು. ಇದಕ್ಕೆ ಯಾರೋ ಬುದ್ಧಿಯಿಲ್ಲದವರು ಸಿಮೆಂಟು ಬಳಿದಿದ್ದಾರೆ, ಕಲ್ಲಿಗೆ ಉಸಿರಾಡಲು ಆಗದೆ ಸಿಪ್ಪೆ ಏಳುತ್ತಿದೆ. ಇದು ನೋಡಲು ಭಯ ಹುಟ್ಟಿಸುತ್ತದೆ, ಆದರೆ ಗಟ್ಟಿಮುಟ್ಟಾಗಿದೆ, ಮುಟ್ಟುವುದು ಬೇಡ. ಮೂರಕ್ಕೆ ಮಾತ್ರ ತಲೆಯಾಡಿಸಿ, "ಇವನ್ನ ನನ್ನಿಂದಾಗಲ್ಲ ಸಾರ್, ಆಗುತ್ತೆ ಅಂತ ಸುಳ್ಳು ಹೇಳಲ್ಲ," ಅಂದಳು. ಆ ಮಾತೇ ಅವರ ಮನಸ್ಸನ್ನು ಗಟ್ಟಿ ಮಾಡಿತು ಎಂದು ಆಮೇಲೆ ಪಾದ್ರಿಗಳು ಹೇಳಿದರು.

ಮೂರು ವಾರದ ಮೇಲೆ ತೀರ್ಪು ಬಂತು. ಗೋರಿಗಳನ್ನು ಬಿಚ್ಚಕೂಡದು. ಹತ್ತು ವರ್ಷದೊಳಗೆ ರಿಪೇರಿ ಮುಗಿಸಬೇಕು. ಕೆಲಸದ ಮುಖ್ಯಸ್ಥೆ, "ಮಿಂಚ್‌ಕೋಟ್‌ನ ಥರ್ಜಾ ನಿಬ್ಲೆಟ್, ಕಲ್ಲುಕುಟಿಗಿತ್ತಿ." ಪಾದ್ರಿಗಳು ಅದನ್ನು ಭಾನುವಾರ ಪ್ರಾರ್ಥನೆಯ ಕೊನೆಗೆ ಗಟ್ಟಿಯಾಗಿ ಓದಿದರು. ಆ ಒಂದು ಪದ ಬಂದಾಗ ಥರ್ಜಾ ತಲೆ ತಗ್ಗಿಸಲಿಲ್ಲ. ಅವಳ ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಆ ಕಸುಬು ಮಾಡಿದವರಿದ್ದರು, ಆದರೆ ಹೀಗೆ ಕಾಗದದ ಮೇಲೆ ಹೆಸರಿನ ಪಕ್ಕ ಕಸುಬು ಬರೆಸಿಕೊಂಡವಳು ಅವಳೇ ಮೊದಲು.

ಪಬ್ಬಿನಲ್ಲಿ ಮಾತ್ರ ಎರಡು ದಿನ ಗೊಣಗಾಟ ನಡೆಯಿತು. ಅಮೋಸ್ ಊರಿಗೇ ಟೋಪಿ ಹಾಕಿದ, ಅವನ ಫೋಟೊ ಇಳಿಸಬೇಕು ಎಂದು ಮುದುಕನೊಬ್ಬ ಹಠ ಹಿಡಿದ. ಲೆಟ್ಟಿ ಒಳಗೆ ನುಗ್ಗಿ ಕೌಂಟರಿನ ಮೇಲೆ ಕೈಚೀಲ ಕುಕ್ಕಿದಳು.

"ಇಳಿಸಿ ನೋಡ್ರಿ! ಹೆಣ್ಮಗು ಮಾಡಿದ್ದು ಅಂತ ಅವತ್ತೇ ಹೇಳಿದ್ರೆ ನೀವೇ ಮೊದಲು ನಗ್ತಿದ್ರಿ. ನಿಮ್ಮ ನಗುವಿಗೆ ಹೆದರಿ ಮನುಷ್ಯ ಹನ್ನೆರಡು ವರ್ಷ ಹೊಗಳಿಕೆ ನುಂಗಿದ. ಟೋಪಿ ಅಂತೆ ಟೋಪಿ!"

ಫೋಟೊ ಇಳಿಯಲಿಲ್ಲ. ಅದರ ಪಕ್ಕದಲ್ಲಿ ಥರ್ಜಾಳದೊಂದು ಹಾಕುತ್ತೇವೆ ಎಂದು ಪಬ್ಬಿನವನು ಬಂದು ಕೇಳಿದಾಗ ಅವಳು ಬೇಡವೆನ್ನಲಿಲ್ಲ. "ಭಾನುವಾರದ ಕೋಟಲ್ಲಿ ತೆಗೀರಿ," ಅಂದಳು.

ಗಿರಣಿ ಬಿಟ್ಟ ಮಾರನೆಯ ದಿನ ಬೆಳಗ್ಗೆ ಅವಳು ಉಳಿಗಳ ಗಂಟು ಬಿಚ್ಚುತ್ತಿದ್ದಾಗ ಮೇಜರ್ ಹಾರ್ಬಿನ್ ಹಳೆಯ ಸೈನ್ಯದ ಕೋಟು ತೊಟ್ಟು ಶೆಡ್ಡಿನ ಮುಂದೆ ನಿಂತಿದ್ದ. ಕೈಯಲ್ಲಿ ಸಲಿಕೆ.

"ಸೋತವನಿಗೆ ಏನಾದ್ರೂ ಕೆಲಸ ಇದ್ಯಾ, ಮಿಸ್ ನಿಬ್ಲೆಟ್?"

"ಸುಣ್ಣದ ಗಾರೆ ಕಲಸೋಕೆ ಬರುತ್ತಾ ಮೇಜರ್?"

"ಇಲ್ಲ."

"ಕಲ್ಲೆತ್ತೋ ರಾಟೆ ಕಟ್ಟೋಕೆ?"

"ಇಲ್ಲ."

"ಮೂವತ್ತು ವರ್ಷ ಸೈನ್ಯದಲ್ಲಿ ಏನ್ ಕಲಿತ್ರಿ ಮತ್ತೆ?"

"ಹೇಳಿದ್ದನ್ನ ಕೇಳೋದು."

"ಹಾಗಾದ್ರೆ ಒಳಗೆ ಬನ್ನಿ."

ಅವನು ಒಂಬತ್ತು ವರ್ಷ ಹೇಳಿದ್ದನ್ನು ಕೇಳಿದ. ಗಾರೆ ಕಲಸುವುದರಲ್ಲಿ ಅವನ ಕೈ ಎಷ್ಟು ಪಳಗಿತೆಂದರೆ, ಸಲಿಕೆಗೆ ಅಂಟುವ ರೀತಿ ನೋಡಿಯೇ ನೀರು ಹೆಚ್ಚಾಯಿತು ಕಡಿಮೆಯಾಯಿತು ಎನ್ನುತ್ತಿದ್ದ. ಥರ್ಜಾ ಅದನ್ನು ಹೊಗಳಲಿಲ್ಲ, ಆದರೆ ಬೇರೆಯವರು ಕಲಸಿದ ಗಾರೆಯನ್ನು ಮುಟ್ಟುತ್ತಲೂ ಇರಲಿಲ್ಲ. ಚಳಿಗಾಲದಲ್ಲಿ ಇಬ್ಬರೂ ಶೆಡ್ಡಿನಲ್ಲಿ ಕೂತು ಬ್ರೆಡ್ಡು, ಚೀಸು, ಹುಳಿಯಲ್ಲಿ ನೆನೆಸಿದ ಈರುಳ್ಳಿ ತಿನ್ನುತ್ತಾ ಯಾವ ಎಲೆಗೆ ಎಷ್ಟು ಆಳ ಎಂದು ಜಗಳವಾಡುತ್ತಿದ್ದರು. ಲೆಟ್ಟಿ ಬಂದರೆ ಹಂದಿಕೊಬ್ಬಿನ ಸಿಹಿರೊಟ್ಟಿ ತರುತ್ತಿದ್ದಳು. ಅಂಗಳದ ಹುಲ್ಲನ್ನು ಉದ್ದ ಕುಡುಗೋಲಿನಲ್ಲಿ ಕೊಯ್ಯಲು ಊರಿನ ಹತ್ತು ಮನೆಗಳು ಸರದಿ ಹಾಕಿಕೊಂಡವು. ಮೋಟಾರು ಯಂತ್ರ ಕ್ರಿಕೆಟ್ ಮೈದಾನಕ್ಕೆ ಹೋಯಿತು.

ಎಪ್ಪತ್ತಾರರ ಬೇಸಿಗೆ ಮಳೆಯೇ ಇಲ್ಲದ ಬೇಸಿಗೆ. ಹುಲ್ಲು ಒಣಗಿ ಹುಲ್ಲಿನ ಬಣ್ಣವೇ ಮರೆತುಹೋಗಿತ್ತು. ಕೊಟ್ಟ ಹತ್ತು ವರ್ಷಕ್ಕೆ ಇನ್ನೂ ಮೂರು ತಿಂಗಳಿರುವಾಗ ಅವಳು ಆಗುತ್ತದೆ ಎಂದಿದ್ದ ಕೊನೆಯ ಗೋರಿಯೂ ಎದ್ದು ನಿಂತಿತು. ಅದಾದ ಮುಂದಿನ ವಾರ ಒಂದು ದೊಡ್ಡ ಊರಿನ ಕ್ಯಾಥೆಡ್ರಲ್ಲಿನಲ್ಲಿ ಕೆಲಸ ಮಾಡುವ ಕಲ್ಲುಕುಟಿಗರು ಹದಿನಾರು ಜನ ಬಸ್ಸು ಮಾಡಿಕೊಂಡು ನೋಡಲು ಬಂದರು. ಮಿಸ್ಟರ್ ವೇನ್ ಕಳಿಸಿದ್ದ. ಎಲ್ಲರೂ ಗಂಡಸರು, ಎಲ್ಲರ ಹುಬ್ಬಿನಲ್ಲೂ ಧೂಳು ಕೂತು ಖಾಯಮ್ಮಾಗಿತ್ತು. ಅವರ ಮೇಸ್ತ್ರಿ, ಎತ್ತಿನಂಥ ಹೆಗಲಿನ ಮನುಷ್ಯ, ಒಂದು ಗೋರಿಯಿಂದ ಇನ್ನೊಂದಕ್ಕೆ ಹೋಗಿ, ಕೆತ್ತನೆಯ ಮೇಲೆಲ್ಲ ಹೆಬ್ಬೆರಳಾಡಿಸಿ, ಕೊನೆಗೆ ಅವಳ ಹತ್ತಿರ ಬಂದು ಟೋಪಿ ತೆಗೆದ.

"ಯಾರ ಹತ್ರ ಕಲಿತದ್ದಮ್ಮಾ?"

ಅರವತ್ತೆಂಟು ವರ್ಷದ ಥರ್ಜಾ ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಅಮೋಸ್ ನಿಬ್ಲೆಟ್ ಹತ್ರ. ನಮ್ಮಪ್ಪ. ಅವನಿಗಿಂತ ಮುಂಚಿನೋರೆಲ್ಲ ಇಲ್ಲೇ ಸುತ್ತ ನಿಂತಿದಾರೆ, ನೋಡ್ಕೊಂಡ್ರಲ್ಲ."

"ನಮ್ಮ ಹುಡುಗ್ರು ಚಿತ್ರ ಬರ್ಕೋಬಹುದಾ? ನಿಮ್ಮದನ್ನ ನೋಡಿ ಕಲಿಯೋದು ತುಂಬಾ ಇದೆ."

"ಬರ್ಕೊಳ್ಳಲಿ, ಬರ್ಕೊಳ್ಳಲಿ. ಎಷ್ಟು ಹೊತ್ತಾದ್ರೂ ಬರ್ಕೊಳ್ಳಲಿ," ಅಂದಳು. ಆಮೇಲೆ ಅವನ ಹೆಗಲ ಮೇಲಿಂದ ಆಚೆ ನೋಡಿ ದನಿಯೇರಿಸಿದಳು: "ಏಯ್, ಅಲ್ಲಿ! ಮುಚ್ಚಳದ ಮೇಲೆ ಕೂರ್ಬೇಡಿ! ಹೊಸ ಗಾರೆ ಅದು!"

ಕೂತಿದ್ದವನು ಕಾದ ಹೆಂಚಿನ ಮೇಲಿಂದೆಂಬಂತೆ ಎಗರಿ ಎದ್ದ. ಹದಿನಾರು ಜನ ಕಲ್ಲುಕುಟಿಗರು ನಕ್ಕರು. ಯೂ ಮರದ ನೆರಳಿನಲ್ಲಿ ಸಲಿಕೆಯೂರಿ ನಿಂತಿದ್ದ ಮೇಜರ್, ಆ ಗಾರೆ ಕಲಸಿದವನು ತಾನು ಎಂದು ಪಕ್ಕದಲ್ಲಿದ್ದವನಿಗೆ ತಿಳಿಸಿದ.